ಯಾವ ಪಾರ್ಟಿ ಗೆದ್ರೂ ಇವರ ಬಿಲ್ ನಿಲ್ಲಲ್ಲ: ವಾಷಿಂಗ್ಟನ್ ಲಾಬಿ ಫರ್ಮ್‌ಗಳ ಒಂದು ವಂಶಾವಳಿ

2025 ರ ಆಗಸ್ಟ್‌ನಲ್ಲಿ ಟ್ರಂಪ್ ಭಾರತದ ಮೇಲೆ ಮೊದಲು 25 ಪರ್ಸೆಂಟ್, ಆಮೇಲೆ ರಷ್ಯಾದಿಂದ ಎಣ್ಣೆ ತಗೋತೀರಿ ಅಂತ ಇನ್ನೊಂದು 25 ಪರ್ಸೆಂಟ್, ಒಟ್ಟು 50 ಪರ್ಸೆಂಟ್ ಸುಂಕ ಜಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್‌ನವರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರಲ್ಲ, ಅದೇ ಟೈಮಲ್ಲಿ ವಾಷಿಂಗ್ಟನ್‌ನಲ್ಲಿರೋ ನಮ್ಮ ರಾಯಭಾರ ಕಚೇರಿ ಒಂದು ಅಗ್ರಿಮೆಂಟ್‌ಗೆ ಸೈನ್ ಹಾಕ್ತು. ಮರ್ಕ್ಯುರಿ ಪಬ್ಲಿಕ್ ಅಫೇರ್ಸ್ ಅನ್ನೋ ಲಾಬಿ ಫರ್ಮ್‌ಗೆ, ಅಂದ್ರೆ ದುಡ್ಡು ತಗೊಂಡು ಸರ್ಕಾರದಲ್ಲಿ ನಮ್ಮ ಪರ ಮಾತಾಡೋ ಕಂಪನಿಗೆ, ತಿಂಗಳಿಗೆ 75,000 ಡಾಲರ್, ಆಗಸ್ಟ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಮೂರು ತಿಂಗಳು, ಒಟ್ಟು 2,25,000 ಡಾಲರ್. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 2 ಕೋಟಿ. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲೇ ಎಸ್‌ಎಚ್‌ಡಬ್ಲ್ಯೂ ಪಾರ್ಟ್‌ನರ್ಸ್ ಅಂತ ಇನ್ನೊಂದು ಫರ್ಮ್ ಜೊತೆ ವರ್ಷಕ್ಕೆ 18 ಲಕ್ಷ ಡಾಲರ್‌ಗೆ ಮಾತಾಗಿತ್ತು, ಅದನ್ನ ನಡೆಸೋನು ಜೇಸನ್ ಮಿಲ್ಲರ್, ಟ್ರಂಪ್ ಚುನಾವಣೆಗಳಲ್ಲಿ ಜೊತೆಗೇ ಓಡಾಡಿದ ಆಸಾಮಿ.

ಟಿವಿಯಲ್ಲಿ ಇದನ್ನ ಎರಡು ದಿನ 'ಟ್ರಂಪ್ ಆಪ್ತರಿಗೆ ಮೊರೆ ಹೋದ ಭಾರತ' ಅಂತ ಓಡಿಸಿ ಬಿಟ್ಟುಬಿಟ್ರು. ಆದ್ರೆ ಮರ್ಕ್ಯುರಿಯವರು ತಮ್ಮನ್ನ ಟ್ರಂಪ್ ಫರ್ಮ್ ಅಂತ ಕರ್ಕೊಳ್ಳೋದೇ ಇಲ್ಲ, ನಾವು ಬೈಪಾರ್ಟಿಸನ್, ಎರಡೂ ಪಾರ್ಟಿಯವರು ನಮ್ಮಲ್ಲಿದಾರೆ ಅಂತ್ಲೇ ಹೇಳ್ಕೊಳ್ಳೋದು. ಈ ಬೈಪಾರ್ಟಿಸನ್ ಅನ್ನೋದು ಕೇಳೋಕೆ ತುಂಬಾ ಸಭ್ಯವಾಗಿದೆ, ಏನೋ ಪಕ್ಷಾತೀತವಾಗಿ ದೇಶದ ಒಳ್ಳೇದಕ್ಕೆ ಕೂತು ಮಾತಾಡೋ ಜನ ಅನ್ನಿಸುತ್ತೆ. ಹಂಗೇನಿಲ್ಲ. ನನ್ನ ಪ್ರಕಾರ ಇದು ಇನ್ಶೂರೆನ್ಸ್, ಕಸ್ಟಮರ್‌ಗೂ ಇನ್ಶೂರೆನ್ಸ್, ಫರ್ಮ್‌ಗೂ ಇನ್ಶೂರೆನ್ಸ್. ಇದು ಹೆಂಗೆ ಶುರುವಾಯ್ತು ಅಂತ ನೋಡೋಕೆ ಹೋದ್ರೆ ಒಂದು ಹಳೇ ಫರ್ಮ್‌ನ ಕಥೆ ಸಿಗುತ್ತೆ, ಆ ಕಥೆಯ ಬಾಲ ಹಿಡ್ಕೊಂಡು ಬಂದ್ರೆ ಉಕ್ರೇನ್ ಮುಟ್ಟಿ, ಕಾಶ್ಮೀರ ಮುಟ್ಟಿ, ಕೊನೆಗೆ ಇದೇ ಮರ್ಕ್ಯುರಿ ಬಾಗಿಲಿಗೆ ಬಂದು ನಿಲ್ತೀವಿ.

ಮೊದಲು ಒಂದು ಮಾತು ಕ್ಲಿಯರ್ ಮಾಡ್ಬಿಡೋಣ. ಅಮೆರಿಕದಲ್ಲಿ ಲಾಬಿ ಮಾಡೋದು ಕಳ್ಳ ಕೆಲಸ ಅಲ್ಲ. ಸರ್ಕಾರದ ಮುಂದೆ ಅಹವಾಲು ಇಡೋ ಹಕ್ಕು ಅವರ ಸಂವಿಧಾನದ ಮೊದಲನೇ ತಿದ್ದುಪಡಿಯಲ್ಲೇ ಇದೆ, ಆ ಹಕ್ಕನ್ನ ನೀವೇ ಚಲಾಯಿಸಬೇಕು ಅಂತೇನಿಲ್ಲ, ದುಡ್ಡು ಕೊಟ್ಟು ಬೇರೆಯವರ ಕೈಲೂ ಮಾಡಿಸಬಹುದು. 2024 ರಲ್ಲಿ ಕೇಂದ್ರ ಮಟ್ಟದಲ್ಲಿ ಲೆಕ್ಕಕ್ಕೆ ಸಿಕ್ಕ ಲಾಬಿ ಖರ್ಚೇ ಸುಮಾರು 440 ಕೋಟಿ ಡಾಲರ್. ಲೆಕ್ಕ ಕೊಡೋಕೆ ಎರಡು ದಾರಿ ಇದೆ. ಒಂದು 1995 ರ ಲಾಬಿಯಿಂಗ್ ಡಿಸ್‌ಕ್ಲೋಷರ್ ಕಾಯ್ದೆ, ಇದು ಕಂಪನಿಗಳಿಗೆ, ಸಂಘಗಳಿಗೆ, ಸ್ವಲ್ಪ ಸಡಿಲ. ಇನ್ನೊಂದು ಫಾರಾ, ಅಂದ್ರೆ ವಿದೇಶಿ ಏಜೆಂಟರ ನೋಂದಣಿ ಕಾಯ್ದೆ, 1938 ರಲ್ಲಿ ನಾಜಿ ಪ್ರಚಾರಕರನ್ನ ಹಿಡಿಯೋಕೆ ಅಂತ ತಂದ ಕಾನೂನು, ವಿದೇಶಿ ಸರ್ಕಾರದ ಪರ ಕೆಲಸ ಮಾಡೋರಿಗೆ. ಇದು ಬಿಗಿ, ಯಾರಿಗೆ ಯಾವತ್ತು ಫೋನ್ ಮಾಡಿದ್ರಿ, ಯಾರಿಗೆ ಈಮೇಲ್ ಹಾಕಿದ್ರಿ, ಎಷ್ಟು ದುಡ್ಡು ಬಂತು ಅಂತ ಆರಾರು ತಿಂಗಳಿಗೆ ನ್ಯಾಯ ಇಲಾಖೆಗೆ ಬರ್ಕೊಡಬೇಕು, ಅದನ್ನ ಯಾರು ಬೇಕಾದ್ರೂ ಆನ್‌ಲೈನ್‌ನಲ್ಲಿ ನೋಡಬಹುದು. ಮರ್ಕ್ಯುರಿಗೆ ನಾವು ಕೊಟ್ಟ ದುಡ್ಡಿನ ವಿಷಯ ನಮಗೆ ಗೊತ್ತಾಗಿದ್ದೂ ಇದರಿಂದಲೇ, ದೆಹಲಿ ಪ್ರೆಸ್‌ಮೀಟ್‌ನಿಂದ ಅಲ್ಲ. ಈ ಎರಡು ಕಾನೂನಿನ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಈಗ 1980. ರೇಗನ್ ಗೆದ್ದ ವರ್ಷ. ಆ ಚುನಾವಣೆಯಲ್ಲಿ ಕೆಲಸ ಮಾಡಿದ ಮೂರು ಹುಡುಗರು, ಚಾರ್ಲಿ ಬ್ಲ್ಯಾಕ್, ಪಾಲ್ ಮ್ಯಾನಫೋರ್ಟ್, ರೋಜರ್ ಸ್ಟೋನ್, ಮೂವರೂ ಆಗಿನ್ನೂ ಮೂವತ್ತರ ಆಸುಪಾಸಿನವರು, ಪೊಟೊಮ್ಯಾಕ್ ನದಿ ಆಚೆ ಅಲೆಕ್ಸಾಂಡ್ರಿಯಾದಲ್ಲಿ ಆಫೀಸ್ ತೆಗೆದ್ರು. ಬ್ಲ್ಯಾಕ್, ಮ್ಯಾನಫೋರ್ಟ್ ಅಂಡ್ ಸ್ಟೋನ್. ಅಲ್ಲಿವರೆಗೂ ವಾಷಿಂಗ್ಟನ್‌ನಲ್ಲಿ ಚುನಾವಣೆ ನಡೆಸಿಕೊಡೋ ಕನ್ಸಲ್ಟೆಂಟ್‌ಗಳು ಬೇರೆ, ಗೆದ್ದವರ ಹತ್ರ ಹೋಗಿ ಕೆಲಸ ಮಾಡಿಸಿಕೊಡೋ ವಕೀಲರು ಬೇರೆ. ಇವರು ಎರಡನ್ನೂ ಒಂದೇ ಸೂರಿನಡಿ ತಂದ್ರು. ಅಂದ್ರೆ ಚುನಾವಣೇಲಿ ನಾನೇ ನಿನ್ನ ಗೆಲ್ಲಿಸ್ತೀನಿ, ಫೀಸ್ ತಗೋತೀನಿ, ಗೆದ್ದು ನೀನು ಸೆನೆಟ್‌ನಲ್ಲಿ ಕೂತ ಮೇಲೆ ನನ್ನ ಇನ್ನೊಬ್ಬ ಕಸ್ಟಮರ್‌ನ ಫೈಲ್ ಹಿಡ್ಕೊಂಡು ನಿನ್ನ ಹತ್ರಾನೇ ಬರ್ತೀನಿ, ಅದಕ್ಕೂ ಫೀಸ್ ತಗೋತೀನಿ. ತನ್ನನ್ನ ಗೆಲ್ಲಿಸಿದೋನು ಬಂದ್ರೆ ಯಾವ ಸೆನೆಟರ್ ಫೋನ್ ಎತ್ತಲ್ಲ ಹೇಳಿ. ಶುರುವಿನ ಗಿರಾಕಿಗಳಲ್ಲಿ ನ್ಯೂಯಾರ್ಕ್‌ನ ಒಬ್ಬ ಯುವ ಬಿಲ್ಡರ್ ಕೂಡ ಇದ್ದ, ಹೆಸರು ಡೊನಾಲ್ಡ್ ಟ್ರಂಪ್. ಅವನ ಕ್ಯಾಸಿನೋ ವ್ಯವಹಾರಕ್ಕೆ ಇವರೇ ವಾಷಿಂಗ್ಟನ್ ಕೆಲಸ ನೋಡ್ಕೋತಿದ್ರು.

ಆದ್ರೆ ಮೂವರೂ ಕಟ್ಟಾ ರಿಪಬ್ಲಿಕನ್ನರು, ಅಲ್ಲೇ ತೊಂದ್ರೆ ಶುರುವಾಗಿದ್ದು. ಶ್ವೇತಭವನ ರೇಗನ್ ಕೈಲಿ, ಸೆನೆಟ್ ಕೂಡ ಆಗ ರಿಪಬ್ಲಿಕನ್ನರ ಕೈಲಿ, ಸರಿ. ಆದ್ರೆ ಹೌಸ್? ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್, ಅಂದ್ರೆ ನಮ್ಮ ಲೋಕಸಭೆ ಥರದ ಕೆಳಮನೆ, 1955 ರಿಂದ 1995 ರವರೆಗೆ ಒಂದೇ ಸಮನೆ ನಲವತ್ತು ವರ್ಷ ಡೆಮಾಕ್ರಟರ ಕೋಟೆ. ಟ್ಯಾಕ್ಸ್‌ಗೆ ಸಂಬಂಧಪಟ್ಟ ಯಾವುದೇ ಬಿಲ್ ಹುಟ್ಟೋದು ಹೌಸ್‌ನ ವೇಸ್ ಅಂಡ್ ಮೀನ್ಸ್ ಕಮಿಟಿಯಲ್ಲಿ, ಆಗ ಅದರ ಚೇರ್ಮನ್ ಶಿಕಾಗೋದ ಡ್ಯಾನ್ ರೋಸ್ಟೆನ್‌ಕೋವ್ಸ್ಕಿ, ಡೆಮಾಕ್ರಟ್. ಒಂದು ಸ್ಟೀಲ್ ಕಂಪನಿಗೆ ಟ್ಯಾಕ್ಸ್ ಬಿಲ್‌ನಲ್ಲಿ ಎರಡು ಸಾಲು ಸೇರಿಸಬೇಕು ಅಂದ್ರೆ ರೇಗನ್ ಫೋಟೋ ತೋರಿಸಿದ್ರೆ ಅಲ್ಲಿ ಯಾರೂ ಒಳಗೆ ಬಿಡ್ತಿರಲಿಲ್ಲ. ಅದಕ್ಕೆ ಇವರು ಪೀಟರ್ ಕೆಲ್ಲಿಯನ್ನ ಕರ್ಕೊಂಡು ಬಂದ್ರು. ಹಾರ್ಟ್‌ಫರ್ಡ್‌ನ ವಕೀಲ, ಡೆಮಾಕ್ರಟಿಕ್ ಪಾರ್ಟಿಗೆ ಫಂಡ್ ಎತ್ತೋ ಜವಾಬ್ದಾರಿ ಹೊತ್ತಿದ್ದ ಮನುಷ್ಯ, ಅಂದ್ರೆ ಆ ಪಾರ್ಟಿಯ ಎಷ್ಟೋ ಜನ ಎಂಪಿಗಳ ಚುನಾವಣಾ ಖರ್ಚು ಎಲ್ಲಿಂದ ಬಂತು ಅನ್ನೋದು ಬಾಯಿಪಾಠ. ಫರ್ಮ್ ಹೆಸರಿಗೆ 'ಅಂಡ್ ಕೆಲ್ಲಿ' ಸೇರ್ಕೊಂಡ್ತು. ಇಲ್ಲಿ ಯಾರಿಗೂ ಸಿದ್ಧಾಂತ ಬದಲಾಗಲಿಲ್ಲ, ಯಾರೂ ಯಾರ ಜೊತೆಗೂ ರಾಜಿ ಆಗಲಿಲ್ಲ, ಹೌಸ್‌ನೊಳಗೆ ಹೋಗೋಕೆ ಇಲ್ಲದೇ ಇದ್ದ ದಾರಿಯನ್ನ ಸಂಬಳ ಕೊಟ್ಟು ಮಾಡ್ಕೊಂಡ್ರು ಅಷ್ಟೇ.

ಇದರ ಪರಿಣಾಮ ಎಷ್ಟು ವಿಚಿತ್ರ ಅಂದ್ರೆ 1986 ರ ಸೆನೆಟ್ ಚುನಾವಣೆ ಹೊತ್ತಿಗೆ ಒಂದೇ ಕ್ಷೇತ್ರದಲ್ಲಿ ಒಬ್ಬ ಪಾರ್ಟ್‌ನರ್ ಡೆಮಾಕ್ರಟ್‌ಗೆ ಫಂಡ್ ಎತ್ತೋದು, ಅದೇ ಆಫೀಸ್‌ನ ಇನ್ನೊಬ್ಬ ಅವನ ಎದುರಾಳಿ ಪರ ಕೆಲಸ ಮಾಡೋದು ನಡೀತಿತ್ತು. 1988 ರ ಅಧ್ಯಕ್ಷೀಯ ಚುನಾವಣೆಗೆ ಜಾರ್ಜ್ ಬುಷ್ ಪ್ರಚಾರದ ಮ್ಯಾನೇಜರ್ ಲೀ ಆಟ್‌ವಾಟರ್, ಇವನು 1984 ರ ನಂತರ ಇದೇ ಫರ್ಮ್ ಸೇರಿದ್ದೋನು. ಅದೇ ರಿಪಬ್ಲಿಕನ್ ಟಿಕೆಟ್‌ಗೆ ಬುಷ್ ವಿರುದ್ಧ ನಿಂತಿದ್ದ ಜ್ಯಾಕ್ ಕೆಂಪ್ ಕಡೆ ಚಾರ್ಲಿ ಬ್ಲ್ಯಾಕ್ ಮತ್ತು ಸ್ಟೋನ್. ಅಂದ್ರೆ ಬೈಪಾರ್ಟಿಸನ್ ಅನ್ನೋದು ಬರೀ ಎರಡು ಪಾರ್ಟಿ ಮಧ್ಯದ ವಿಷಯಾನೇ ಅಲ್ಲ, ಒಂದೇ ಪಾರ್ಟಿ ಒಳಗೂ ಯಾರು ಬಂದ್ರೂ ನಮ್ಮವನೇ ಬರಲಿ ಅನ್ನೋ ಲೆಕ್ಕ. ಎರಡು ದೋಣಿ ಮೇಲೆ ಕಾಲಿಟ್ಟೋನು ನೀರಿಗೆ ಬೀಳ್ತಾನೆ ಅಂತ ನಮ್ಮಲ್ಲಿ ಹೇಳ್ತಾರೆ, ಇವರು ಎರಡೂ ದೋಣಿಯವರ ಹತ್ರ ಬಾಡಿಗೆ ವಸೂಲಿ ಮಾಡ್ತಿದ್ರು.

ಈ ಫರ್ಮ್ ಹೆಸರು ಮಾಡಿದ್ದು, ಹೆಸರು ಕೆಡಿಸಿಕೊಂಡಿದ್ದು ಎರಡೂ ವಿದೇಶಿ ಕಸ್ಟಮರ್‌ಗಳಿಂದ. ಅಂಗೋಲಾದ ಜೋನಾಸ್ ಸವಿಂಬಿ ಕೇಸ್ ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದ್ರೆ ಲಾಬಿ ಅಂದ್ರೆ ನಿಜವಾಗ್ಲೂ ಏನು ಮಾಡ್ತಾರೆ ಅನ್ನೋದು ಅಲ್ಲಿ ಪೂರ್ತಿ ಕಾಣಿಸುತ್ತೆ. ಸವಿಂಬಿ ಒಬ್ಬ ಗೆರಿಲ್ಲಾ ನಾಯಕ, ಚೀನಾದಲ್ಲಿ ಮಾವೋ ಕಾಲದಲ್ಲಿ ಟ್ರೈನಿಂಗ್ ತಗೊಂಡೋನು, ವರ್ಣಭೇದದ ದಕ್ಷಿಣ ಆಫ್ರಿಕಾ ಸರ್ಕಾರದಿಂದ ಸಹಾಯ ತಗೋತಿದ್ದೋನು. ಇಂಥವನನ್ನ ಅಮೆರಿಕದ ಜನಕ್ಕೆ ಸ್ವಾತಂತ್ರ್ಯ ಯೋಧ ಅಂತ ತೋರಿಸಬೇಕು, ಫೀಸ್ 6 ಲಕ್ಷ ಡಾಲರ್. 1986 ರ ಜನವರಿ ಕೊನೆಗೆ ಅವನು ವಾಷಿಂಗ್ಟನ್‌ಗೆ ಬಂದಾಗ ಯಾವ ಟಿವಿ ಇಂಟರ್‌ವ್ಯೂ, ಯಾವ ಚಿಂತಕರ ಸಂಸ್ಥೆಯಲ್ಲಿ ಡಿನ್ನರ್, ಯಾವ ಸೆನೆಟರ್ ಜೊತೆ ಭೇಟಿ ಅಂತ ಎಲ್ಲಾ ಇವರೇ ಜೋಡಿಸಿಟ್ಟಿದ್ರು. ಅವನ ಬಾಯಲ್ಲಿ ಸೋವಿಯತ್, ಕ್ಯೂಬನ್ ಸೈನ್ಯ ಅನ್ನೋ ಮಾತು ಮತ್ತೆ ಮತ್ತೆ ಬರಬೇಕು, ಮಾವೋ ವಿಷಯ ಬರಬಾರದು. ಶ್ವೇತಭವನದಲ್ಲಿ ರೇಗನ್ ಕೈ ಕುಲುಕಿದ್ದೂ ಆಯ್ತು, ಅದೇ ವರ್ಷ ಸ್ಟಿಂಗರ್ ಕ್ಷಿಪಣಿಗಳೂ ಹೋದ್ವು. ಹೌಸ್‌ನಲ್ಲಿ ಅವನಿಗೆ 2.7 ಕೋಟಿ ಡಾಲರ್ ಸಹಾಯದ ಬಿಲ್ ಮಂಡಿಸಿದವರು ಯಾರು ಗೊತ್ತಾ, ರಿಪಬ್ಲಿಕನ್ ಜ್ಯಾಕ್ ಕೆಂಪ್ ಮತ್ತು ಫ್ಲಾರಿಡಾದ ಹಳೇ ಡೆಮಾಕ್ರಟ್ ಕ್ಲಾಡ್ ಪೆಪ್ಪರ್ ಇಬ್ಬರೂ ಸೇರಿ. ಎಲ್ಲಾನೂ ಒಂದು ಫರ್ಮ್ ಮಾಡಿಸ್ತು ಅಂತ ಹೇಳೋಕಾಗಲ್ಲ, ಶೀತಲ ಸಮರದ ಗಾಳಿ ಆ ಕಡೆಗೇ ಬೀಸ್ತಿತ್ತು, ಇವರು ಗಾಳಿ ನೋಡಿ ತೂರಿಕೊಂಡ್ರು. ಅಂಗೋಲಾದ ಯುದ್ಧ ಮಾತ್ರ 2002 ರಲ್ಲಿ ಸವಿಂಬಿ ಸಾಯೋವರೆಗೂ ಎಳೀತು.

ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್ ಕೂಡ ಇವರ ಕಸ್ಟಮರೇ, ಒಂದು ವ್ಯಾಪಾರಿ ಸಂಘದ ಹೆಸರಲ್ಲಿ ವರ್ಷಕ್ಕೆ 9,50,000 ಡಾಲರ್, 1986 ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದು ಮಾರ್ಕೋಸ್ ಹವಾಯಿಗೆ ಓಡೋ ಹೊತ್ತಿಗೆ ಆ ಕಾಂಟ್ರ್ಯಾಕ್ಟ್ ಮುಗೀತು. ಆಫ್ರಿಕಾದ ಜಾಯಿರ್‌ನ ಸರ್ವಾಧಿಕಾರಿ ಮೊಬುಟು ಕೂಡ ಪಟ್ಟಿಯಲ್ಲಿದ್ದ. 1992 ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಅನ್ನೋ ಸಂಸ್ಥೆ ಮಾನವ ಹಕ್ಕು ತುಳಿಯೋ ಸರ್ಕಾರಗಳಿಂದ ದುಡ್ಡು ತಗೊಳ್ಳೋ ಫರ್ಮ್‌ಗಳ ಲೆಕ್ಕ ತೆಗೆದಾಗ ಇವರ ಹೆಸರು ಮೇಲಿನ ಸಾಲಲ್ಲೇ ಇತ್ತು.

ನಮಗೆ ನೇರವಾಗಿ ತಾಗೋದು ಇನ್ನೊಂದು. 1990 ರಿಂದ 1994 ರ ನಡುವೆ ಇದೇ ಫರ್ಮ್‌ಗೆ ಕಶ್ಮೀರಿ ಅಮೆರಿಕನ್ ಕೌನ್ಸಿಲ್ ಅನ್ನೋ ಸಂಸ್ಥೆಯಿಂದ 7 ಲಕ್ಷ ಡಾಲರ್ ಬಂತು, ಕಾಶ್ಮೀರದ ವಿಷಯವನ್ನ ವಾಷಿಂಗ್ಟನ್‌ನಲ್ಲಿ ಎತ್ತೋ ಕೆಲಸಕ್ಕೆ. ಆ ಸಂಸ್ಥೆ ನಡೆಸ್ತಿದ್ದ ಗುಲಾಂ ನಬಿ ಫಾಯಿಯನ್ನ 2011 ರಲ್ಲಿ ಎಫ್‌ಬಿಐ ಹಿಡೀತು, ದುಡ್ಡು ಪಾಕಿಸ್ತಾನದ ಐಎಸ್‌ಐನಿಂದ ಬರ್ತಿತ್ತು ಅಂತ ಕೋರ್ಟ್‌ನಲ್ಲಿ ಅವನೇ ತಪ್ಪೊಪ್ಪಿಕೊಂಡ, ಜೈಲಿಗೂ ಹೋದ. ಫರ್ಮ್‌ಗೆ ಮಾತ್ರ ಏನೂ ಆಗಲಿಲ್ಲ. ಆಗಲೇ ಅದು ಆ ಹೆಸರಲ್ಲಿ ಇರಲೂ ಇಲ್ಲ.

ವಿದೇಶದ ಗಲಾಟೆಗಿಂತ ಮನೆಯೊಳಗಿನ ಒಂದು ಚಿಕ್ಕ ಕೇಸ್ ಇವರಿಗೆ ಜಾಸ್ತಿ ಮಸಿ ಬಳೀತು. ನ್ಯೂಜೆರ್ಸಿಯಲ್ಲಿ ಸೀಬ್ರೂಕ್ ಅಂತ ಒಂದು ಜಾಗ, ಅಲ್ಲಿ ಹಳೇ ಕಾರ್ಮಿಕರ ವಸತಿ, 326 ಮನೆ, ಶಿಥಿಲವಾಗಿ ನಿಂತಿದ್ವು. ಅದನ್ನ ರಿಪೇರಿ ಮಾಡೋಕೆ ಕೇಂದ್ರದ ವಸತಿ ಇಲಾಖೆಯಿಂದ ಕೋಟಿಗಟ್ಟಲೆ ಡಾಲರ್ ಸಬ್ಸಿಡಿ ಮಂಜೂರಾಯ್ತು. ಊರಿನವರು ಇದನ್ನ ಕೇಳಿರಲೇ ಇಲ್ಲ, ಬೇಡ ಅಂತಾನೇ ಇದ್ರು. ಫರ್ಮ್‌ಗೆ ಸಿಕ್ಕ ಫೀಸ್ 3,26,000 ಡಾಲರ್, ಮನೆಗೆ ಸಾವಿರ ಡಾಲರ್ ಲೆಕ್ಕ. ಅಷ್ಟೇ ಆಗಿದ್ರೆ ಬೇರೆ, ಆ ಮನೆಗಳ ರಿಪೇರಿ ಹಿಡಿದಿದ್ದ ಬಿಲ್ಡರ್ ಕಂಪನಿಯಲ್ಲಿ ಮ್ಯಾನಫೋರ್ಟ್‌ಗೇ ಪಾಲಿತ್ತು. 1989 ರಲ್ಲಿ ಹೌಸ್ ಕಮಿಟಿ ಮುಂದೆ ಕೂರಿಸಿ ಕೇಳಿದಾಗ ಅವನು ನಾಚಿಕೊಳ್ಳಲೂ ಇಲ್ಲ, ಇದನ್ನ ಪ್ರಭಾವ ಮಾರೋದು ಅಂತ ಬೇಕಾದ್ರೆ ಕರೀರಿ, ನಾನು ಲಾಬಿ ಅಂತೀನಿ ಅನ್ನೋ ಅರ್ಥದಲ್ಲೇ ಉತ್ತರ ಕೊಟ್ಟ. ವಿಧಾನಸೌಧದ ಕಾರಿಡಾರ್‌ನಲ್ಲಿ ವಶೀಲಿ ಹಚ್ಚೋ ನಮ್ಮ ದಲ್ಲಾಳಿಗಳು ಬಹುಶಃ ಇಷ್ಟು ಪ್ರಾಮಾಣಿಕವಾಗಿ ಮಾತಾಡಲ್ಲ.

1991 ರಲ್ಲಿ ಬರ್ಸನ್ ಮಾರ್ಸ್‌ಟೆಲ್ಲರ್ ಅನ್ನೋ ದೈತ್ಯ ಪಿಆರ್ ಕಂಪನಿ ಇವರನ್ನ ಕೊಂಡ್ಕೊಳ್ತು. ಆಮೇಲೆ ಹೆಸರು ಬದಲಾಯ್ತು, ಬಿಕೆಎಸ್‌ಎಚ್ ಆಯ್ತು, ಬ್ಲ್ಯಾಕ್ ಉಳ್ಕೊಂಡ, ಮ್ಯಾನಫೋರ್ಟ್ ಹೊರಗೆ ಹೋಗಿ ಸ್ವಂತ ಅಂಗಡಿ ಇಟ್ಟ. ಈ ಮಾರಾಟದ ವಿಷಯ ಬೋರ್ ಅನ್ನಿಸಬಹುದು, ಆದ್ರೆ ಮುಖ್ಯ, ಯಾಕಂದ್ರೆ ಇಲ್ಲಿಂದ ಲಾಬಿ ಫರ್ಮ್‌ಗಳು ಸ್ಟಾಕ್ ಮಾರ್ಕೆಟ್‌ನಲ್ಲಿರೋ ದೊಡ್ಡ ಜಾಹೀರಾತು ಕಂಪನಿಗಳ ಒಂದೊಂದು ಬ್ರ್ಯಾಂಚ್ ಆಗ್ತಾ ಹೋದ್ವು. ಅಂಥ ಮಾಲೀಕನಿಗೆ ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕು, ಚುನಾವಣೆ ಸೋತ್ವಿ ಸಾರ್ ಅದಕ್ಕೆ ಈ ವರ್ಷ ವ್ಯಾಪಾರ ಇಲ್ಲ ಅಂದ್ರೆ ನಡೆಯಲ್ಲ. ಹಂಗಾಗಿ ಎರಡೂ ಪಾರ್ಟಿಯವರನ್ನ ಇಟ್ಕೊಳ್ಳೋದು ಒಂದು ಜಾಣತನ ಆಗಿದ್ದಿದ್ದು ಈಗ ಕಡ್ಡಾಯ ಆಯ್ತು. ಒಂದೇ ಪಾರ್ಟಿ ಹೆಸರಲ್ಲಿ ಶುರುವಾದ ಎಷ್ಟೋ ಫರ್ಮ್‌ಗಳು ಆಮೇಲೆ ಇನ್ನೊಂದು ಪಾರ್ಟಿಯವರನ್ನ ಸೇರಿಸಿಕೊಂಡಿದ್ದು ಇದಕ್ಕೇ. ರಿಪಬ್ಲಿಕನ್ ಹೇಲಿ ಬಾರ್ಬರ್ ಮತ್ತು ಎಡ್ ರೋಜರ್ಸ್ 1991 ರಲ್ಲಿ ಕಟ್ಟಿದ ಫರ್ಮ್ ಇವತ್ತು ಬಿಜಿಆರ್ ಗ್ರೂಪ್ ಅಂತ ಬೈಪಾರ್ಟಿಸನ್ ಬೋರ್ಡ್ ಹಾಕ್ಕೊಂಡಿದೆ. ಡೆಮಾಕ್ರಟ್ ಅಣ್ಣ ತಮ್ಮ ಟೋನಿ ಮತ್ತು ಜಾನ್ ಪೊಡೆಸ್ಟಾ 1988 ರಲ್ಲಿ ಕಟ್ಟಿದ ಪೊಡೆಸ್ಟಾ ಗ್ರೂಪ್‌ನಲ್ಲೂ ಆಮೇಲೆ ರಿಪಬ್ಲಿಕನ್ನರು ತುಂಬಿದ್ರು.

ಮರ್ಕ್ಯುರಿ ಹುಟ್ಟಿದ್ದು 1999 ರಲ್ಲಿ, ನ್ಯೂಯಾರ್ಕ್‌ನ ರಿಪಬ್ಲಿಕನ್ ಕನ್ಸಲ್ಟೆಂಟ್‌ಗಳ ಕೈಲಿ. ನಾಲ್ಕೇ ವರ್ಷಕ್ಕೆ, 2003 ರಲ್ಲಿ, ಆಮ್ನಿಕಾಮ್ ಅನ್ನೋ ಜಾಹೀರಾತು ಸಾಮ್ರಾಜ್ಯ ಕೊಂಡ್ಕೊಳ್ತು. ಆಮೇಲೆ ಯಾರ್ಯಾರು ಬಂದು ಕೂತ್ರು ನೋಡಿ. ಮಿನೆಸೊಟಾದ ಮಾಜಿ ರಿಪಬ್ಲಿಕನ್ ಎಂಪಿ ವಿನ್ ವೆಬರ್. ಕ್ಯಾಲಿಫೋರ್ನಿಯಾ ವಿಧಾನಸಭೆಯ ಮಾಜಿ ಸ್ಪೀಕರ್ ಫೇಬಿಯನ್ ನೂನ್ಯೆಸ್, ಡೆಮಾಕ್ರಟ್. ಲೂಸಿಯಾನಾದ ಮಾಜಿ ಸೆನೆಟರ್ ಡೇವಿಡ್ ವಿಟ್ಟರ್, ರಿಪಬ್ಲಿಕನ್. ಕ್ಯಾಲಿಫೋರ್ನಿಯಾದ ಮಾಜಿ ಸೆನೆಟರ್ ಬಾರ್ಬರಾ ಬಾಕ್ಸರ್, ಡೆಮಾಕ್ರಟ್, ಅದೂ ಲಿಬರಲ್ ಡೆಮಾಕ್ರಟ್. ವಿಟ್ಟರ್ ಮತ್ತು ಬಾಕ್ಸರ್ ಸೆನೆಟ್‌ನಲ್ಲಿ ಒಂದೇ ಕಮಿಟಿಯಲ್ಲಿ ಎದುರುಬದುರು ಕೂತು ಜಗಳಾಡ್ತಿದ್ದೋರು, ಆಮೇಲೆ ಒಂದೇ ಫರ್ಮ್‌ನ ಸಹೋದ್ಯೋಗಿಗಳು.

ಈಗ ಹಳೇ ಕಥೆ, ಹೊಸ ಕಥೆ ಎರಡೂ ಕೂಡೋ ಜಾಗಕ್ಕೆ ಬರೋಣ. ಮ್ಯಾನಫೋರ್ಟ್ ತನ್ನ ಸ್ವಂತ ಅಂಗಡಿಯಿಂದ ಉಕ್ರೇನ್‌ನ ಯಾನುಕೋವಿಚ್‌ಗೆ, ಅಂದ್ರೆ ರಷ್ಯಾ ಕಡೆ ವಾಲಿದ್ದ ಅಧ್ಯಕ್ಷನಿಗೆ ಕೆಲಸ ಮಾಡ್ತಿದ್ದ. ಯಾನುಕೋವಿಚ್ ತನ್ನ ಎದುರಾಳಿ ಯೂಲಿಯಾ ತಿಮೊಶೆಂಕೊರನ್ನ ಜೈಲಿಗೆ ಹಾಕಿದ್ರಿಂದ ಅಮೆರಿಕದ ಸಂಸತ್ತಿನಲ್ಲಿ ಖಂಡನಾ ನಿರ್ಣಯ ಬರೋದ್ರಲ್ಲಿತ್ತು. ಅದನ್ನ ತಡೀಬೇಕು, ಎರಡೂ ಪಾರ್ಟಿಯವರ ಹತ್ರ ಹೋಗಬೇಕು. 2012 ರಲ್ಲಿ ಮ್ಯಾನಫೋರ್ಟ್ ಏನು ಮಾಡಿದ ಅಂದ್ರೆ ತಾನು ನಾಲ್ಕು ಗೋಡೆ ಮಧ್ಯೆ ಕೆಲ್ಲಿಯನ್ನ ಕರ್ಕೊಂಡು ಬಂದು ಮಾಡಿದ್ದನ್ನೇ ದೊಡ್ಡದಾಗಿ ಹೊರಗೆ ಮಾಡಿದ, ಡೆಮಾಕ್ರಟರ ಕಡೆಗೆ ಪೊಡೆಸ್ಟಾ ಗ್ರೂಪ್, ರಿಪಬ್ಲಿಕನ್ನರ ಕಡೆಗೆ ಮರ್ಕ್ಯುರಿಯ ವಿನ್ ವೆಬರ್. ಎರಡೂ ಫರ್ಮ್‌ಗೆ ಸೇರಿ ಕನಿಷ್ಠ 22 ಲಕ್ಷ ಡಾಲರ್ ಹೋಯ್ತು.

ದುಡ್ಡು ಉಕ್ರೇನ್ ಸರ್ಕಾರದ್ದು ಅಂತ ಒಪ್ಕೊಂಡ್ರೆ ಫಾರಾ ಅಡಿಯಲ್ಲಿ ಎಲ್ಲಾ ಬಿಚ್ಚಿಡಬೇಕಲ್ಲ, ಅದಕ್ಕೆ ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಸೆಂಟರ್ ಫಾರ್ ಎ ಮಾಡರ್ನ್ ಉಕ್ರೇನ್ ಅಂತ ಒಂದು ಸಂಸ್ಥೆಯನ್ನ ಮುಂದೆ ನಿಲ್ಲಿಸಿದ್ರು. ನಮಗೂ ಸರ್ಕಾರಕ್ಕೂ ಸಂಬಂಧ ಇಲ್ಲ ಅಂತ ಆ ಸಂಸ್ಥೆ ಒಂದು ಪತ್ರ ಬರ್ಕೊಡ್ತು, ಫರ್ಮ್‌ಗಳು ಆ ಪತ್ರ ಫೈಲ್‌ನಲ್ಲಿಟ್ಕೊಂಡು ಸಡಿಲ ಕಾನೂನಿನಲ್ಲಿ, 1995 ರದ್ದರಲ್ಲಿ, ನೋಂದಣಿ ಮಾಡಿಸಿ ಸುಮ್ಮನಾದ್ವು. ಆಮೇಲೆ ಕೋರ್ಟ್‌ಗೆ ಬಂದ ಕಾಗದಗಳಲ್ಲಿ ಆ ಎರಡು ಕಂಪನಿಗಳ ನೌಕರರೇ ತಮ್ಮತಮ್ಮಲ್ಲಿ ಈ ಸೆಂಟರ್ ಬರೀ ಹೆಸರಿಗೆ, ಇದೊಂದು ಮರೆ ಅಷ್ಟೇ ಅಂತ ಗೇಲಿ ಮಾಡ್ಕೊಂಡಿದ್ದು ಸಿಕ್ತು. ಕೆಳಗಿನ ಹುಡುಗರಿಗೆ ಗೊತ್ತಿತ್ತು, ಆದ್ರೂ ಬಿಲ್ ಹೋಗ್ತಿತ್ತು, ದುಡ್ಡು ಬರ್ತಿತ್ತು.

2016 ರಲ್ಲಿ ಮ್ಯಾನಫೋರ್ಟ್ ಟ್ರಂಪ್ ಪ್ರಚಾರದ ಚೇರ್ಮನ್ ಆಗದೇ ಇದ್ದಿದ್ರೆ ಇದೆಲ್ಲ ಹೊರಗೆ ಬರ್ತಾನೇ ಇರಲಿಲ್ಲ ಅನ್ಸುತ್ತೆ. ಆ ಆಗಸ್ಟ್‌ನಲ್ಲಿ ಎಪಿ ಸುದ್ದಿಸಂಸ್ಥೆ ವರದಿ ಮಾಡ್ತು, 2017 ರ ಏಪ್ರಿಲ್‌ನಲ್ಲಿ ಎರಡೂ ಫರ್ಮ್‌ಗಳು ಹಳೇ ತಾರೀಖಿನ ಕೆಲಸಕ್ಕೆ ಈಗ ಫಾರಾ ಫಾರ್ಮ್ ತುಂಬಿದ್ವು, ಜೂನ್‌ನಲ್ಲಿ ಮ್ಯಾನಫೋರ್ಟ್ ಕಂಪನಿಯೂ ತುಂಬ್ತು, ಎರಡು ವರ್ಷದಲ್ಲಿ ಯಾನುಕೋವಿಚ್ ಪಾರ್ಟಿಯಿಂದ 1.71 ಕೋಟಿ ಡಾಲರ್ ಬಂದಿದ್ದು ಆಗ ಗೊತ್ತಾಯ್ತು. ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತನಿಖೆ ನಡೀತು, ಮ್ಯಾನಫೋರ್ಟ್ 2018 ರಲ್ಲಿ ಟ್ಯಾಕ್ಸ್ ಮತ್ತು ಬ್ಯಾಂಕ್ ವಂಚನೆ ಕೇಸಲ್ಲಿ ತಪ್ಪಿತಸ್ಥ ಅಂತಾಯ್ತು, ಇನ್ನೊಂದು ಕೇಸಲ್ಲಿ ತಾನೇ ತಪ್ಪೊಪ್ಪಿಕೊಂಡ, 2020 ರ ಡಿಸೆಂಬರ್‌ನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟ. ಟೋನಿ ಪೊಡೆಸ್ಟಾ, ವಿನ್ ವೆಬರ್ ಮೇಲಿನ ತನಿಖೆ 2019 ರಲ್ಲಿ ಕೇಸೇ ಹಾಕದೆ ಮುಚ್ಚಿತು.

ಆದ್ರೆ ಫರ್ಮ್‌ಗಳಿಗೆ ಆಗಿದ್ದೇ ಬೇರೆ. ಪೊಡೆಸ್ಟಾ ಗ್ರೂಪ್ 2017 ರ ಕೊನೆಗೆ ಕೆಲವೇ ವಾರದಲ್ಲಿ ಬಾಗಿಲು ಹಾಕ್ತು. ಅಲ್ಲಿನ ಸಿಇಒ ಕಿಂಬರ್ಲಿ ಫ್ರಿಟ್ಸ್ ಹೊರಗೆ ಬಂದು ಕೋಜೆಂಟ್ ಸ್ಟ್ರಾಟಜೀಸ್ ಅಂತ ಹೊಸ ಫರ್ಮ್ ತೆಗೆದ್ರು, ಹಳೇ ಸಹೋದ್ಯೋಗಿಗಳಲ್ಲಿ ಸುಮಾರು ಜನ ಅಲ್ಲೇ ಸೇರ್ಕೊಂಡ್ರು, ಟೋನಿ ಪೊಡೆಸ್ಟಾ 2021 ರಲ್ಲಿ ಹುವಾವೆ ಪರ ಲಾಬಿ ಮಾಡ್ತಾ ವಾಪಸ್ ಬಂದ. ಮರ್ಕ್ಯುರಿಗೆ ಅಷ್ಟೂ ಆಗಲಿಲ್ಲ. ಯಾಕೆ ಅಂತ ಯೋಚನೆ ಮಾಡಿದ್ರೆ ಒಂದು ಕಾರಣ ಕಾಣುತ್ತೆ, ಪೊಡೆಸ್ಟಾ ಅನ್ನೋದು ಒಬ್ಬ ಮನುಷ್ಯನ ಹೆಸರು, ಹೆಸರು ಕೆಟ್ಟಾಗ ಬ್ಯಾಂಕ್‌ನವರೂ ಕಸ್ಟಮರ್‌ಗಳೂ ಹಿಂದೆ ಸರಿದ್ರು. ಮರ್ಕ್ಯುರಿ ಅನ್ನೋದು ಯಾರ ಹೆಸರೂ ಅಲ್ಲ, ಹಿಂದೆ ಆಮ್ನಿಕಾಮ್ ನಿಂತಿತ್ತು, ಊರೂರಲ್ಲಿ ಆಫೀಸ್ ಇತ್ತು. ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ರೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೆಲಸ ನಡೀತಾನೇ ಇರುತ್ತೆ.

ಹಂಗಂತ ಎರಡೂ ಕಡೆ ಕಾಲಿಟ್ರೆ ಯಾವತ್ತೂ ಪೆಟ್ಟೇ ಬೀಳಲ್ಲ ಅಂತಲ್ಲ. 2020 ರಲ್ಲಿ ಅರ್ಮೇನಿಯಾ ಮತ್ತು ಅಜೆರ್‌ಬೈಜಾನ್ ಮಧ್ಯೆ ನಗೋರ್ನೊ ಕಾರಬಾಖ್ ಯುದ್ಧ ನಡೆದಾಗ ಮರ್ಕ್ಯುರಿ ಟರ್ಕಿ ಪರ ಲಾಬಿ ಮಾಡ್ತಿತ್ತು, ಟರ್ಕಿ ಅಜೆರ್‌ಬೈಜಾನ್ ಬೆನ್ನಿಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಅರ್ಮೇನಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅಲ್ಲಿನ ಸ್ಥಳೀಯ ಸರ್ಕಾರಿ ಸಂಸ್ಥೆಗಳೂ ಮರ್ಕ್ಯುರಿಯ ಕಸ್ಟಮರ್‌ಗಳು, ಟರ್ಕಿ ಬೇಕಾ ನಾವು ಬೇಕಾ ಅಂತ ಪಟ್ಟು ಹಿಡಿದ್ರು, ಫರ್ಮ್ ಟರ್ಕಿಯನ್ನ ಬಿಟ್ಟುಬಿಡ್ತು. ಅದಾಗಿ ಕೆಲವೇ ತಿಂಗಳಿಗೆ ಬಾರ್ಬರಾ ಬಾಕ್ಸರ್ ಚೀನಾದ ಕ್ಯಾಮೆರಾ ಕಂಪನಿ ಹೈಕ್‌ವಿಷನ್ ಪರ ವಿದೇಶಿ ಏಜೆಂಟ್ ಅಂತ ನೋಂದಣಿ ಮಾಡಿಸ್ಕೊಂಡ್ರು, ಆ ಕಂಪನಿ ಉಯ್‌ಘರ್ ಮುಸ್ಲಿಮರ ಮೇಲೆ ಕಣ್ಣಿಡೋಕೆ ಸಹಾಯ ಮಾಡಿದೆ ಅಂತ ಅಮೆರಿಕ ಸರ್ಕಾರಾನೇ ಕಪ್ಪುಪಟ್ಟಿಗೆ ಹಾಕಿತ್ತು. ಸುದ್ದಿ ಹೊರಗೆ ಬರ್ತಿದ್ದಂಗೆ ಬೈಡನ್ ಪದಗ್ರಹಣ ಸಮಿತಿ ಆಕೆ ಕೊಟ್ಟಿದ್ದ 500 ಡಾಲರ್ ದೇಣಿಗೆ ವಾಪಸ್ ಕಳಿಸ್ತು, ಆಕೆ ನೋಂದಣಿ ವಾಪಸ್ ತಗೊಂಡ್ರು. ಎರಡು ಸಲಾನೂ ಫರ್ಮ್‌ನ ಬಗ್ಗಿಸಿದ್ದು ಕಾನೂನಲ್ಲ, ಮುಜುಗರ ಮತ್ತು ಇನ್ನೊಬ್ಬ ಕಸ್ಟಮರ್‌ನ ಸಿಟ್ಟು.

ಇನ್ನು ಭಾರತದ ಲೆಕ್ಕ. ನಾವು ಈ ಆಟಕ್ಕೆ ಹೊಸಬರೇನಲ್ಲ. 2005 ರಲ್ಲಿ ಮನಮೋಹನ್ ಸಿಂಗ್ ಮತ್ತು ಜೂನಿಯರ್ ಬುಷ್ ಅಣು ಒಪ್ಪಂದಕ್ಕೆ ಕೈ ಹಾಕಿದಾಗ ರಾಯಭಾರ ಕಚೇರಿ ಎರಡು ಫರ್ಮ್ ಹಿಡೀತು. ರಿಪಬ್ಲಿಕನ್ನರಿಗೆ ಬಾರ್ಬರ್ ಅವರ ಫರ್ಮ್, ಅಲ್ಲಿ ಕೇಸ್ ನೋಡ್ಕೋತಿದ್ದವರು ರಾಬರ್ಟ್ ಬ್ಲ್ಯಾಕ್‌ವಿಲ್, ಎರಡು ವರ್ಷ ಹಿಂದಷ್ಟೇ ದೆಹಲಿಯಲ್ಲಿ ಅಮೆರಿಕದ ರಾಯಭಾರಿ ಆಗಿದ್ದವರು. ಡೆಮಾಕ್ರಟರಿಗೆ ವೆನೆಬಲ್ ಅನ್ನೋ ಲಾ ಫರ್ಮ್, ಅಲ್ಲಿ ಮಾಜಿ ಸೆನೆಟರ್ ಬರ್ಚ್ ಬೇ. ಆ ಒಪ್ಪಂದಕ್ಕೆ ದಾರಿ ಮಾಡಿದ 2006 ರ ಹೈಡ್ ಕಾಯ್ದೆಗೆ ಸೆನೆಟ್‌ನಲ್ಲಿ 85 ಪರ, 12 ವಿರುದ್ಧ. 2008 ರ ಅಕ್ಟೋಬರ್‌ನ ಕೊನೇ ವೋಟ್‌ನಲ್ಲಿ 86 ಪರ, 13 ವಿರುದ್ಧ, ಅದೂ ಚುನಾವಣೆಗೆ ಒಂದು ತಿಂಗಳಿರುವಾಗ ಒಬಾಮಾ, ಮೆಕೇನ್ ಇಬ್ಬರೂ ಒಂದೇ ಕಡೆ ವೋಟ್ ಹಾಕಿದ್ರು. 2010 ರಲ್ಲಿ, ಒಬಾಮಾ ಕಾಲದಲ್ಲಿ, ಭಾರತ ಪೊಡೆಸ್ಟಾ ಗ್ರೂಪ್ ಹಿಡೀತು, ವರ್ಷಕ್ಕೆ ಸುಮಾರು 7 ಲಕ್ಷ ಡಾಲರ್. ಅಂದ್ರೆ ಕಾಶ್ಮೀರದ ವಿಷಯದಲ್ಲಿ ನಮ್ಮ ವಿರುದ್ಧ ದುಡ್ಡು ತಗೊಂಡ ಮ್ಯಾನಫೋರ್ಟ್ ಮುಂದೆ ಯಾವ ಎರಡು ಫರ್ಮ್‌ಗಳನ್ನ ಬಾಡಿಗೆಗೆ ತಗೊಂಡನೋ, ಒಂದಾದ ಮೇಲೊಂದು ಎರಡರಲ್ಲೂ ನಾವು ಕಸ್ಟಮರ್ ಆಗಿದೀವಿ. ಇದರಲ್ಲಿ ಪಿತೂರಿ ಏನೂ ಇಲ್ಲ, ಆ ಬೀದಿ ಇರೋದೇ ಅಷ್ಟು ಚಿಕ್ಕದು.

ಇದರಿಂದ ಉಪಯೋಗ ಆಗುತ್ತಾ? ಅಣು ಒಪ್ಪಂದದ ವೋಟ್ ನೋಡಿದ್ರೆ ಆಗುತ್ತೆ ಅನ್ಸುತ್ತೆ. ಆದ್ರೆ ಅಲ್ಲಿ ಶ್ವೇತಭವನಕ್ಕೇ ಒಪ್ಪಂದ ಬೇಕಾಗಿತ್ತು, ಅಮೆರಿಕದ ಕಂಪನಿಗಳಿಗೂ ಬೇಕಾಗಿತ್ತು, ಅನಿವಾಸಿ ಭಾರತೀಯ ಡಾಕ್ಟರ್‌ಗಳು, ಹೋಟೆಲ್‌ನವರು ತಮ್ಮ ತಮ್ಮ ಊರಿನ ಎಂಪಿಗಳಿಗೆ ಫೋನ್ ಮೇಲೆ ಫೋನ್ ಮಾಡಿದ್ರು. 535 ಜನ ವೋಟ್ ಹಾಕೋ ಕಡೆ ಎರಡೂ ಪಾರ್ಟಿಯ ನಂಬರ್ ಇರೋ ಫರ್ಮ್ ಬೆಲೆಬಾಳುತ್ತೆ. 2025 ರ ಸುಂಕಕ್ಕೆ ಸಂಸತ್ತಿನ ವೋಟೇ ಇರಲಿಲ್ಲ, ಒಬ್ಬನೇ ಮನುಷ್ಯ ಸೈನ್ ಹಾಕಿದ್ದು. ಅಲ್ಲಿ ಡೆಮಾಕ್ರಟ್ ಮಾಜಿ ಸೆನೆಟರ್ ಇದ್ರೆಷ್ಟು ಬಿಟ್ರೆಷ್ಟು. ಹಂಗಾದ್ರೆ ಮರ್ಕ್ಯುರಿ ಯಾಕೆ ಅಂದ್ರೆ, ಟ್ರಂಪ್‌ನ ಚೀಫ್ ಆಫ್ ಸ್ಟಾಫ್ ಸೂಸಿ ವೈಲ್ಸ್ ಆ ಹುದ್ದೆಗೆ ಬರೋ ಮುಂಚೆ ಮರ್ಕ್ಯುರಿಯ ಕೋ-ಚೇರ್ ಆಗಿದ್ರು. ಭಾರತದ ಕಾಂಟ್ರ್ಯಾಕ್ಟ್‌ನಲ್ಲಿ ಕಾಣೋ ಹೆಸರುಗಳು ವಿಟ್ಟರ್ ಮತ್ತು ಟ್ರಂಪ್ ಪ್ರಚಾರದಲ್ಲಿದ್ದ ಬ್ರಯಾನ್ ಲಾಂಜಾ ಅಂಥವರದ್ದು. ಬೋರ್ಡ್ ಮೇಲೆ ಎರಡು ಪಾರ್ಟಿ, ನಾವು ಕೊಂಡಿದ್ದು ಒಂದೇ ಪಾರ್ಟಿ, ಅದರಲ್ಲೂ ಒಂದೇ ಬಾಗಿಲು. ಆ ಮೂರು ತಿಂಗಳ ಒಳಗೇ, ಸೆಪ್ಟೆಂಬರ್ 19 ಕ್ಕೆ, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದು ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಎಲ್ಲರ ಫೋನ್ ಒಂದೇ ರಾತ್ರಿ ಬಡ್ಕೊಳ್ತು, 50 ಪರ್ಸೆಂಟ್ ಸುಂಕವೂ ಕಾಂಟ್ರ್ಯಾಕ್ಟ್ ಮುಗಿಯೋವರೆಗೂ ಅಲ್ಲೇ ಇತ್ತು. ಇದನ್ನ ಮರ್ಕ್ಯುರಿಯ ಸೋಲು ಅನ್ನೋದು ಸ್ವಲ್ಪ ಅನ್ಯಾಯ, ತಿಂಗಳಿಗೆ 65 ಲಕ್ಷ ರೂಪಾಯಿಗೆ ಟ್ರಂಪ್ ಮನಸ್ಸು ಬದಲಾಗೋ ಹಾಗಿದ್ರೆ ಪ್ರಪಂಚದಲ್ಲಿ ಯಾರೂ ಸುಂಕ ಕಟ್ತಿರಲಿಲ್ಲ.

ಈ ಬದಲಾವಣೆ ಧಂಧೆಯಲ್ಲೇ ಕಾಣಿಸ್ತಿದೆ. ಎಷ್ಟೋ ವರ್ಷದಿಂದ ಆದಾಯದಲ್ಲಿ ಮೇಲಿದ್ದ ಬ್ರೌನ್‌ಸ್ಟೀನ್, ಏಕಿನ್ ಗಂಪ್ ಥರದ ಎರಡೂ ಪಾರ್ಟಿಯ ದೊಡ್ಡ ಫರ್ಮ್‌ಗಳನ್ನ 2025 ರಲ್ಲಿ ಬಲ್ಲಾರ್ಡ್ ಪಾರ್ಟ್‌ನರ್ಸ್ ಹಿಂದೆ ಹಾಕ್ತು, ಅದರ ಬಂಡವಾಳ ಫ್ಲಾರಿಡಾ ಮತ್ತು ಟ್ರಂಪ್ ಪರಿಚಯ. ವೈಲ್ಸ್ ಕೂಡ ಮರ್ಕ್ಯುರಿಗೆ ಬರೋ ಮುಂಚೆ ಅಲ್ಲೇ ಇದ್ದಿದ್ದು. ಅಧಿಕಾರ ಒಬ್ಬನ ಕೈಲಿ ಸೇರಿದಾಗ ಎರಡು ಪಾರ್ಟಿಯ ಇನ್ಶೂರೆನ್ಸ್‌ಗಿಂತ ಒಬ್ಬನ ಮೊಬೈಲ್ ನಂಬರ್‌ಗೆ ರೇಟ್ ಜಾಸ್ತಿ.

ನಮ್ಮಲ್ಲಿ ಇದನ್ನ ನೋಡಿ ನಗೋರಿಗೆ ಒಂದು ಹಳೇ ವಿಷಯ ನೆನಪಿಸಬೇಕು. 2012 ರಲ್ಲಿ ವಾಲ್‌ಮಾರ್ಟ್ ಅಮೆರಿಕದಲ್ಲಿ ಕೊಟ್ಟ ಲಾಬಿ ಲೆಕ್ಕದಲ್ಲಿ ಭಾರತದ ಮಾರ್ಕೆಟ್ ಪ್ರವೇಶದ ವಿಷಯ ಇದೆ ಅಂತ ಗೊತ್ತಾಗಿ ನಮ್ಮ ಸಂಸತ್ತಿನಲ್ಲಿ ದೊಡ್ಡ ಗಲಾಟೆ ಆಯ್ತು, ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಸಮಿತಿ ಕೂತ್ಕೊಳ್ತು, ಖಚಿತವಾಗಿ ಇಂಥದ್ದು ಆಗಿದೆ ಅಂತ ಹೇಳೋಕೆ ಅದಕ್ಕೂ ಆಗಲಿಲ್ಲ. ಹೇಳೋಕೆ ದಾಖಲೆ ಇರಬೇಕಲ್ಲ, ಇಲ್ಲಿ ಲಾಬಿಗೆ ಲೈಸೆನ್ಸೂ ಇಲ್ಲ, ನಿಷೇಧಾನೂ ಇಲ್ಲ, ರಿಜಿಸ್ಟರೂ ಇಲ್ಲ. 2013 ರಲ್ಲಿ ಒಡಿಶಾದ ಎಂಪಿ ಕಾಳಿಕೇಶ್ ನಾರಾಯಣ ಸಿಂಗ್ ದೇವ್ ಲಾಬಿ ಬಹಿರಂಗಪಡಿಸೋ ಖಾಸಗಿ ಮಸೂದೆ ಮಂಡಿಸಿದ್ರು, ಅದು ಕಾಯ್ದೆ ಆಗಲೇ ಇಲ್ಲ.

ಮುಂದೆ ನೋಡಬೇಕಾಗಿರೋದು 2026 ರ ನವೆಂಬರ್ 3, ಅಮೆರಿಕದ ಮಧ್ಯಂತರ ಚುನಾವಣೆ. ಹೌಸ್ ಡೆಮಾಕ್ರಟರ ಕೈಗೆ ಹೋದ್ರೆ ವಿಚಾರಣೆ ಕಮಿಟಿಗಳೂ ಸಮನ್ಸ್ ಕಳಿಸೋ ಅಧಿಕಾರವೂ ಅವರ ಕೈಗೆ ಹೋಗುತ್ತೆ, ವ್ಯಾಪಾರ ಒಪ್ಪಂದ, ವೀಸಾ ವಿಷಯದಲ್ಲಿ ಅವರ ಮಾತಿಗೂ ಕಿವಿ ಕೊಡಬೇಕಾಗುತ್ತೆ. ಆಗ ವಾಷಿಂಗ್ಟನ್‌ನ ಈ ಫರ್ಮ್‌ಗಳಲ್ಲಿ ಎರಡು ವರ್ಷದಿಂದ ಹಿಂದಿನ ರೂಮ್‌ನಲ್ಲಿ ಕೂತಿದ್ದ ಡೆಮಾಕ್ರಟ್ ಪಾರ್ಟ್‌ನರ್‌ಗಳು ಮೀಟಿಂಗ್‌ಗೆ ಮುಂದೆ ಬರ್ತಾರೆ, ವಿಟ್ಟರ್ ಥರದವರು ಸ್ವಲ್ಪ ಹಿಂದೆ ಸರೀತಾರೆ. ನಮ್ಮ ರಾಯಭಾರ ಕಚೇರಿಯೂ ಆಗ ಹೊಸ ಫಾರಾ ಫೈಲಿಂಗ್ ಒಂದರಲ್ಲಿ ಕಾಣಿಸಿಕೊಳ್ಳೋ ಚಾನ್ಸ್ ಜಾಸ್ತಿ. ಅದು ಬಂದಾಗ ಮೊತ್ತಕ್ಕಿಂತ ಮೊದಲು ಕೆಲಸ ಮಾಡೋರ ಹೆಸರಿನ ಪಟ್ಟಿ ಓದಿ, ಯಾರ ಹೆಸರು ಹೊಸದಾಗಿ ಸೇರಿದೆ, ಯಾರದು ಬಿಟ್ಟುಹೋಗಿದೆ ಅಂತ.